ತೆರೆದ ಬಾಗಿಲು, ಎತ್ತರದ ಹೊಸ್ತಿಲು: ಬ್ರಿಟನ್ನಿನ ವಿದ್ಯುತ್ ಮತ್ತು ಅನಿಲ ಮಾರುಕಟ್ಟೆಗಳಲ್ಲಿ ಸ್ಪರ್ಧೆ

ಬ್ರಿಟನ್ನಿನಲ್ಲಿ ಖಾಸಗಿಯವರು ವಿದ್ಯುತ್ ಉತ್ಪಾದಿಸಿ ಮಾರುವುದಕ್ಕಿದ್ದ ಕಾನೂನಿನ ಅಡ್ಡಿ 1983ರ ಇಂಧನ ಕಾಯ್ದೆಯೊಂದಿಗೆ ಹೋಯಿತು. ವಿದ್ಯುತ್ತನ್ನು ಹಂಚಿ ಮಾರುತ್ತಿದ್ದ ಪ್ರಾದೇಶಿಕ ಮಂಡಳಿಗಳು ಖಾಸಗಿ ಉತ್ಪಾದಕರಿಂದ ವಿದ್ಯುತ್ ಕೊಳ್ಳಬೇಕು, ತಮ್ಮ ತಂತಿಗಳನ್ನು ಅವರ ಬಳಕೆಗೆ ಬಿಡಬೇಕು ಎಂದು ಕಾಯ್ದೆ ಹೇಳಿತು. ಅದಕ್ಕೆ ಒಂದು ವರ್ಷ ಮೊದಲು, 1982ರಲ್ಲಿ, ಬ್ರಿಟಿಷ್ ಗ್ಯಾಸ್ ನಿಗಮದ ಕೊಳವೆಗಳಲ್ಲಿ ಬೇರೆಯವರ ಅನಿಲವನ್ನೂ ಸಾಗಿಸಲು ಅವಕಾಶ ಕೊಡುವ ಕಾಯ್ದೆ ಬಂದಿತ್ತು. ಎರಡೂ ಕಡೆ ಬಾಗಿಲು ತೆರೆಯಿತು. ಒಳಗೆ ಬಂದವರು ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಇಂಗ್ಲೆಂಡ್ ಮತ್ತು ವೇಲ್ಸಿನ ವಿದ್ಯುತ್ತನ್ನೆಲ್ಲ ಹೆಚ್ಚುಕಡಿಮೆ ತಾನೇ ಉತ್ಪಾದಿಸುತ್ತಿದ್ದ ಕೇಂದ್ರೀಯ ವಿದ್ಯುತ್ ಉತ್ಪಾದನಾ ಮಂಡಳಿ ತನ್ನ ಸಗಟು ದರಪಟ್ಟಿಯನ್ನು ತಿದ್ದಿ, ಯೂನಿಟ್ಟಿನ ದರವನ್ನು ಇಳಿಸಿ ಸ್ಥಿರ ಶುಲ್ಕವನ್ನು ಏರಿಸಿತು. ಖಾಸಗಿಯವನಿಂದ ಕೊಂಡರೆ ಪ್ರಾದೇಶಿಕ ಮಂಡಳಿಗೆ ಎಷ್ಟು ಉಳಿತಾಯವೋ ಅಷ್ಟೇ ಬೆಲೆ ಅವನಿಗೆ ಸಿಗುತ್ತಿತ್ತು. ಯೂನಿಟ್ಟಿನ ದರ ಇಳಿದ ಮೇಲೆ ಆ ಉಳಿತಾಯವೂ ಇಳಿಯಿತು, ಹೊಸ ಸ್ಥಾವರದ ಲೆಕ್ಕಾಚಾರ ಅಲ್ಲಿಗೇ ನಿಂತಿತು. ಅನಿಲದ ಕಡೆ ಕೊಳವೆಯ ಯಜಮಾನನೇ ಪ್ರತಿಸ್ಪರ್ಧಿಯೂ ಆಗಿದ್ದ. ಸಾಗಣೆಗೆ ಎಷ್ಟು ಕೊಡಬೇಕೆಂದು ಅವನನ್ನೇ ಕೇಳಬೇಕಿತ್ತು.

ಕಾನೂನು ಅಡ್ಡಿಯಾಗಿಲ್ಲ ಎಂಬುದೂ ಹೊಸಬನೊಬ್ಬ ಬಂದು ಬದುಕಬಲ್ಲ ಎಂಬುದೂ ಒಂದೇ ಅಲ್ಲ. ಇವೆರಡರ ನಡುವಿನ ಅಂತರಕ್ಕೇ ಅರ್ಥಶಾಸ್ತ್ರದಲ್ಲಿ ಪ್ರವೇಶದ ತಡೆ ಎಂದು ಹೆಸರು. ಹೊಸಬರು ನುಗ್ಗಿ ಬರುವ ಭಯವಿಲ್ಲದೆ ಹಳಬರು ಖರ್ಚಿಗಿಂತ ಹೆಚ್ಚು ಬೆಲೆ ಇಡಲು ಯಾವುದೆಲ್ಲ ನೆರವಾಗುತ್ತದೋ ಅದೆಲ್ಲ ತಡೆಯೇ ಎಂದು ಜೋ ಬೇನ್ 1950ರ ದಶಕದಲ್ಲಿ ಬಗೆದರು. ಜಾರ್ಜ್ ಸ್ಟಿಗ್ಲರ್ ಅದನ್ನು ಕಿರಿದುಗೊಳಿಸಿದರು: ಹಳಬ ಎಂದೂ ಹೊರದ, ಹೊಸಬ ಮಾತ್ರ ಹೊರಬೇಕಾದ ಖರ್ಚಷ್ಟೇ ಅವರ ಪ್ರಕಾರ ತಡೆ. ವಿದ್ಯುತ್ ಮತ್ತು ಅನಿಲದ ವಿಷಯದಲ್ಲಿ ಎರಡೂ ಅರ್ಥಗಳು ಬೇಕಾಗುತ್ತವೆ. ಏಕೆಂದರೆ ಇಲ್ಲಿನ ಹೊಸ್ತಿಲು ಒಂದೇ ಕಡೆ ಇರುವುದಿಲ್ಲ. ಒಂದು ಕಡೆ ಕಿತ್ತರೆ ಇನ್ನೊಂದು ಕಡೆ ಏಳುತ್ತದೆ. 40 ವರ್ಷಗಳ ಬ್ರಿಟನ್ನಿನ ಅನುಭವದಲ್ಲಿ ಅದು ಕೊಳವೆಯಿಂದ ಒಪ್ಪಂದಕ್ಕೆ, ಒಪ್ಪಂದದಿಂದ ಸಗಟು ಬೆಲೆಗೆ, ಅಲ್ಲಿಂದ ಗ್ರಾಹಕನ ರೂಢಿಗೆ ಸರಿದದ್ದು ಕಾಣುತ್ತದೆ.

ಈ ಸರಕುಗಳ ಸ್ವಭಾವವೂ ಬೇರೆ ಸರಕುಗಳ ಹಾಗಲ್ಲ. ವಿದ್ಯುತ್ತನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಡಲು ಬಹುಕಾಲ ಆಗುತ್ತಿರಲಿಲ್ಲ. ಉತ್ಪಾದನೆಯೂ ಬಳಕೆಯೂ ಕ್ಷಣಕ್ಷಣವೂ ಸಮನಾಗಬೇಕು. ಅನಿಲಕ್ಕೆ ಕೊಳವೆಯೊಳಗಿನ ಒತ್ತಡವೇ ಒಂದಿಷ್ಟು ಉಗ್ರಾಣ, ಆದ್ದರಿಂದ ಅಲ್ಲಿ ದಿನದ ಲೆಕ್ಕ ಸಾಕು. ಒಂದೇ ಬೀದಿಯಲ್ಲಿ ಎರಡು ಕಂಪನಿಗಳ ತಂತಿ, ಎರಡು ಕಂಪನಿಗಳ ಕೊಳವೆ ಹಾಕುವುದು ದುಂದು. ಹಾಗಾಗಿ ಜಾಲ ಏಕಸ್ವಾಮ್ಯವಾಗಿಯೇ ಉಳಿಯುತ್ತದೆ. ಅದರ ಮೇಲೆ ನಡೆಯುವ ಉತ್ಪಾದನೆ ಮತ್ತು ಮಾರಾಟದಲ್ಲಿ ಮಾತ್ರ ಸ್ಪರ್ಧೆ ಸಾಧ್ಯ. ಜಾಲ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಅದಕ್ಕಾಗಿಯೇ ಮೊದಲು ಬರುತ್ತದೆ.

1986ರಲ್ಲಿ ಬ್ರಿಟಿಷ್ ಗ್ಯಾಸ್ ಖಾಸಗಿಯಾದಾಗ ಆ ಪ್ರಶ್ನೆಯನ್ನು ಪಕ್ಕಕ್ಕಿಡಲಾಯಿತು. ನಿಗಮದ ಅಧ್ಯಕ್ಷ ಡೆನಿಸ್ ರೂಕ್ ವಿಭಜನೆಯನ್ನು ಬಲವಾಗಿ ವಿರೋಧಿಸಿದರು. ಸಚಿವ ಪೀಟರ್ ವಾಕರ್ ಅವರಿಗೆ ಮಾರಾಟ ಬೇಗ ಮುಗಿಯಬೇಕಿತ್ತು. ಸಮುದ್ರದ ಬಾವಿಗಳಿಂದ ಕೊಳ್ಳುವುದು, ಸಾಗಿಸುವುದು, ಮನೆಗೆ ಮಾರುವುದು ಎಲ್ಲವೂ ಒಂದೇ ಕಂಪನಿಯ ಕೈಯಲ್ಲಿ ಉಳಿಯಿತು. ವರ್ಷಕ್ಕೆ 25,000 ಥರ್ಮಿಗಿಂತ ಹೆಚ್ಚು ಅನಿಲ ಬಳಸುವ ಕಾರ್ಖಾನೆಗಳಿಗೆ ಮಾತ್ರ ಬೇರೆಯವರಿಂದ ಕೊಳ್ಳುವ ಸ್ವಾತಂತ್ರ್ಯ ಸಿಕ್ಕಿತು. ಆ ಕಾರ್ಖಾನೆಗಳೊಡನೆ ಬ್ರಿಟಿಷ್ ಗ್ಯಾಸ್ ಗುಟ್ಟಾಗಿ, ಒಬ್ಬೊಬ್ಬರಿಗೆ ಒಂದೊಂದು ದರದಂತೆ ವ್ಯವಹಾರ ಕುದುರಿಸುತ್ತಿತ್ತು. ತೈಲಕ್ಕೆ ಬದಲಾಗಬಲ್ಲವರಿಗೆ ಕಡಿಮೆ ದರ, ಬದಲಾಗಲು ಆಗದವರಿಗೆ ಹೆಚ್ಚು. ಹೊಸಬನೊಬ್ಬ ಬಂದು ದರ ಹೇಳಿದರೆ ಆ ಒಬ್ಬ ಗಿರಾಕಿಗಷ್ಟೇ ದರ ಇಳಿಸಿ ಅವನನ್ನು ಹಿಂದಕ್ಕೆ ಕಳಿಸುವುದು ಸುಲಭವಿತ್ತು.

ಏಕಸ್ವಾಮ್ಯ ಮತ್ತು ವಿಲೀನ ಆಯೋಗ 1988ರಲ್ಲಿ ಇದನ್ನು ಹಿಡಿಯಿತು. ದರಪಟ್ಟಿಯನ್ನು ಬಹಿರಂಗವಾಗಿ ಪ್ರಕಟಿಸಬೇಕು, ಹೊಸ ನಿಕ್ಷೇಪಗಳ ಅನಿಲದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚನ್ನು ಬ್ರಿಟಿಷ್ ಗ್ಯಾಸ್ ಮೊದಲೇ ಕೊಂಡಿಡಬಾರದು ಎಂದು ಅದು ಹೇಳಿತು. ಪ್ರಕಟವಾದ ದರ ಹೊಸಬನಿಗೆ ಗುರುತಿನ ಕಂಬವಾಯಿತು. ಅದಕ್ಕಿಂತ ಚೂರು ಕೆಳಗೆ ದರ ಹೇಳಿದರೆ ಸಾಕಿತ್ತು. ಆದರೂ ಮಾರಲು ಅನಿಲವೇ ಇಲ್ಲದವನಿಗೆ ದರಪಟ್ಟಿಯಿಂದ ಏನು ಪ್ರಯೋಜನ? ಉತ್ತರ ಸಮುದ್ರದ ಹೆಚ್ಚಿನ ಅನಿಲವೆಲ್ಲ ಹತ್ತಾರು ವರ್ಷಗಳ ಒಪ್ಪಂದಗಳಲ್ಲಿ ಬ್ರಿಟಿಷ್ ಗ್ಯಾಸಿಗೆ ಬರೆದುಹೋಗಿತ್ತು. 1991ರಲ್ಲಿ ನ್ಯಾಯಯುತ ವ್ಯಾಪಾರ ಕಚೇರಿ ಮಧ್ಯೆ ಬಂದ ಮೇಲೆ, 1995ರ ಹೊತ್ತಿಗೆ ದೊಡ್ಡ ಗ್ರಾಹಕರ ಮಾರುಕಟ್ಟೆಯಲ್ಲಿ ತನ್ನ ಪಾಲನ್ನು ನೂರಕ್ಕೆ 40ಕ್ಕೆ ಇಳಿಸಲು, ಅದಕ್ಕಾಗಿ ತನ್ನ ಅನಿಲವನ್ನೇ ಪ್ರತಿಸ್ಪರ್ಧಿಗಳಿಗೆ ಬಿಟ್ಟುಕೊಡಲು ಕಂಪನಿ ಒಪ್ಪಿತು. ಸ್ಪರ್ಧೆಯ ಇತಿಹಾಸದಲ್ಲಿ ಇಷ್ಟು ನೇರವಾದ ಮದ್ದು ಅಪರೂಪ. 1995ರ ಅನಿಲ ಕಾಯ್ದೆ ಸಾಗಣೆಗೂ ಮಾರಾಟಕ್ಕೂ ಬೇರೆ ಬೇರೆ ಲೈಸೆನ್ಸು ಮಾಡಿತು. 1997ರಲ್ಲಿ ಕಂಪನಿ ತಾನಾಗಿಯೇ ಎರಡಾಯಿತು: ಕೊಳವೆಗಳೂ ಅನ್ವೇಷಣೆಯೂ ಬಿಜಿಗೆ, ಮಾರಾಟ ಸೆಂಟ್ರಿಕಾಗೆ. 11 ವರ್ಷಗಳ ಹಿಂದೆ ಬೇಡವೆಂದು ಬಿಟ್ಟ ವಿಭಜನೆ ಕೊನೆಗೂ ಆಯಿತು. ಆ 11 ವರ್ಷಗಳ ಬೆಲೆಯನ್ನು ತೆತ್ತವರು ಗ್ರಾಹಕರು.

ಕಂಪನಿ ತಾನಾಗಿಯೇ ಒಡೆದುಕೊಂಡದ್ದರ ಹಿಂದೆ ಆ ದೀರ್ಘ ಒಪ್ಪಂದಗಳೇ ಇದ್ದವು. ಅನಿಲ ಪಡೆದರೂ ಪಡೆಯದಿದ್ದರೂ ಹಣ ಕೊಡಲೇಬೇಕೆಂಬ ಷರತ್ತು ಅವುಗಳಲ್ಲಿತ್ತು. ಹೊಸಬರಿಗೆ ಅನಿಲ ಸಿಗದಂತೆ ಮಾಡಿದ್ದ ಗೋಡೆ ಅದು. 1995ರ ಹೊತ್ತಿಗೆ ಹೊಸ ನಿಕ್ಷೇಪಗಳ ಅನಿಲ ಮಾರುಕಟ್ಟೆಗೆ ಹರಿದು ದಿನದ ಬೆಲೆ ಕುಸಿದಾಗ, ಗಿರಾಕಿಗಳನ್ನು ಕಳೆದುಕೊಂಡಿದ್ದ ಬ್ರಿಟಿಷ್ ಗ್ಯಾಸಿಗೆ ಅದೇ ಗೋಡೆ ಉರುಳಾಯಿತು. ಬೇಡವಾದ ಅನಿಲಕ್ಕೆ ಹಳೆಯ ದುಬಾರಿ ಬೆಲೆ ಕೊಡುತ್ತ ಅದು ಒಂದೊಂದೇ ಒಪ್ಪಂದವನ್ನು ಮರುಮಾತುಕತೆಯಲ್ಲಿ ಬಿಡಿಸಿಕೊಳ್ಳಬೇಕಾಯಿತು.

ವಿದ್ಯುತ್ತಿನ ಕಥೆ ಇದಕ್ಕಿಂತ ತೊಡಕಿನದು. ಅನಿಲದಲ್ಲಿ ಆದ ತಪ್ಪು ಮರುಕಳಿಸಬಾರದೆಂದು 1990ರ ಮಾರ್ಚ್ 31ರಂದು ಉತ್ಪಾದನಾ ಮಂಡಳಿಯನ್ನು ಒಡೆದೇ ಮುಂದುವರಿಯಲಾಯಿತು. ಸಾಗಣೆ ಜಾಲ ನ್ಯಾಷನಲ್ ಗ್ರಿಡ್ ಕಂಪನಿಗೆ ಹೋಯಿತು. ಇಂಗ್ಲೆಂಡ್ ಮತ್ತು ವೇಲ್ಸಿನ 12 ಪ್ರಾದೇಶಿಕ ಮಂಡಳಿಗಳು 12 ಕಂಪನಿಗಳಾದವು. ಜಾಲದ ಮಟ್ಟಿಗೆ ಇದು ಸರಿಯಾದ ಹೆಜ್ಜೆ. ಉತ್ಪಾದನೆಯನ್ನು ಹಂಚಿದ ರೀತಿಯಲ್ಲಿ ಮಾತ್ರ ಎಡವಟ್ಟಾಯಿತು. ಅಣುಸ್ಥಾವರಗಳ ಭಾರ ಹೊರಲು ದೊಡ್ಡ ಕಂಪನಿಯೇ ಬೇಕೆಂಬುದು ಮಂಡಳಿಯ ಅಧ್ಯಕ್ಷ ವಾಲ್ಟರ್ ಮಾರ್ಷಲ್ ಅವರ ವಾದ. ಅದರಂತೆ ನ್ಯಾಷನಲ್ ಪವರ್ ಎಂಬ ದೈತ್ಯನಿಗೆ ನೂರಕ್ಕೆ 70ರಷ್ಟು, ಪವರ್‌ಜೆನ್ನಿಗೆ ಉಳಿದ 30 ಎಂದು ಯೋಜನೆಯಾಗಿತ್ತು. 1989ರ ನವೆಂಬರಿನಲ್ಲಿ, ಅಣುವಿದ್ಯುತ್ತಿನ ನಿಜವಾದ ಖರ್ಚು ಹೂಡಿಕೆದಾರರ ಮುಂದಿಡಲಾಗದಷ್ಟಿದೆ ಎಂದು ಗೊತ್ತಾಗಿ, ಆ ಸ್ಥಾವರಗಳನ್ನು ಸರ್ಕಾರವೇ ಉಳಿಸಿಕೊಂಡಿತು. ದೈತ್ಯನಿಗೆ ಇದ್ದ ಒಂದೇ ಕಾರಣ ಹೋಯಿತು. ಮತ್ತೆ ಹಂಚಿಕೆ ಮಾಡಲು ಸಮಯವಿಲ್ಲವೆಂದು ಕಲ್ಲಿದ್ದಲು ಮತ್ತು ತೈಲದ ಸ್ಥಾವರಗಳೆಲ್ಲ ಆ ಎರಡೇ ಕಂಪನಿಗಳಲ್ಲಿ ಉಳಿದವು. ಇಡೀ ಸುಧಾರಣೆಯಲ್ಲಿ ಅತ್ಯಂತ ದುಬಾರಿಯಾದದ್ದು ಈ ಅವಸರವೇ.

ಅದು ಏಕೆ ದುಬಾರಿಯಾಯಿತು ಎಂದು ತಿಳಿಯಲು ಸಗಟು ಮಾರುಕಟ್ಟೆಯ ರೀತಿಯನ್ನು ನೋಡಬೇಕು. ಪೂಲ್ ಎಂದು ಕರೆಯುತ್ತಿದ್ದ ಆ ಮಾರುಕಟ್ಟೆಯಲ್ಲಿ ಪ್ರತಿ ಉತ್ಪಾದಕನೂ ಮರುದಿನಕ್ಕೆ ತನ್ನ ಸ್ಥಾವರಗಳ ದರವನ್ನು ಹಿಂದಿನ ದಿನವೇ ಹೇಳಬೇಕಿತ್ತು. ಮರುದಿನದ 48 ಅರ್ಧಗಂಟೆಗಳಿಗೆ ಅಗ್ಗದ ಸ್ಥಾವರದಿಂದ ಶುರುಮಾಡಿ ಬೇಡಿಕೆ ತುಂಬುವವರೆಗೂ ಸಾಲಾಗಿ ಆರಿಸಿಕೊಳ್ಳುತ್ತಿದ್ದರು. ಕೊನೆಯದಾಗಿ ಬೇಕಾದ ಸ್ಥಾವರದ ದರವೇ ಆ ಅರ್ಧಗಂಟೆಗೆ ಎಲ್ಲರ ದರ. ಅಣುಸ್ಥಾವರಗಳೂ ಫ್ರಾನ್ಸ್ ಮತ್ತು ಸ್ಕಾಟ್ಲೆಂಡಿನಿಂದ ಬರುತ್ತಿದ್ದ ವಿದ್ಯುತ್ತೂ ಸಾಲಿನ ತಳದಲ್ಲಿದ್ದು ದಿನವಿಡೀ ಹರಿಯುತ್ತಿದ್ದವು. ಅವು ದರವನ್ನು ನಿರ್ಧರಿಸುತ್ತಿರಲಿಲ್ಲ. ಸಾಲಿನ ಮೇಲ್ತುದಿಯ ಕಲ್ಲಿದ್ದಲು ಸ್ಥಾವರಗಳೆಲ್ಲ ಆ ಇಬ್ಬರವೇ. ಬಹುಪಾಲು ವೇಳೆ ಇಡೀ ಇಂಗ್ಲೆಂಡ್ ಮತ್ತು ವೇಲ್ಸಿನ ಸಗಟು ಬೆಲೆಯನ್ನು ನಿರ್ಧರಿಸಿದವರು ಅವರೇ. ಸಾಮರ್ಥ್ಯ ಕಡಿಮೆ ಎಂದು ಕಂಡ ದಿನ ಎಲ್ಲರಿಗೂ ಹೆಚ್ಚುವರಿ ಪಾವತಿ ಸಿಗುವ ಏರ್ಪಾಡು ಪೂಲಿನಲ್ಲಿತ್ತು. 1991ರಲ್ಲಿ ಪವರ್‌ಜೆನ್ ಹಿಂದಿನ ದಿನ ಕೆಲವು ಸ್ಥಾವರಗಳು ಲಭ್ಯವಿಲ್ಲವೆಂದು ಹೇಳಿ, ಪಾವತಿ ಏರಿದ ಮೇಲೆ ಮರುದಿನ ಲಭ್ಯವೆಂದು ತಿಳಿಸುತ್ತಿದ್ದುದನ್ನು ನಿಯಂತ್ರಕರು ಪತ್ತೆಹಚ್ಚಿ ಲೈಸೆನ್ಸಿನ ಷರತ್ತನ್ನೇ ಬಿಗಿಗೊಳಿಸಬೇಕಾಯಿತು. ಸ್ಥಾವರಗಳನ್ನು ಐದು ಸಮಾನ ಕಂಪನಿಗಳಿಗೆ ಹಂಚಿದ್ದರೆ ಬೆಲೆ ನಿಜವಾದ ಸ್ಪರ್ಧೆಯ ಮಟ್ಟಕ್ಕೆ ಹತ್ತಿರವಾಗುತ್ತಿತ್ತು ಎಂದು ರಿಚರ್ಡ್ ಗ್ರೀನ್ ಮತ್ತು ಡೇವಿಡ್ ನ್ಯೂಬೆರಿ 1992ರ ಪ್ರಬಂಧದಲ್ಲಿ ಲೆಕ್ಕಹಾಕಿ ತೋರಿಸಿದರು.

ಇಲ್ಲಿ ಹೊಸಬರು ಬರಲಿಲ್ಲ ಎನ್ನುವ ಹಾಗಿಲ್ಲ. ನಿರೀಕ್ಷೆ ಮೀರಿ ಬಂದರು. ಅನಿಲವನ್ನು ಸುಟ್ಟು, ಹೊರಬರುವ ಬಿಸಿಯಿಂದ ಹಬೆಯ ಟರ್ಬೈನನ್ನೂ ತಿರುಗಿಸುವ ಹೊಸ ಬಗೆಯ ಸ್ಥಾವರವನ್ನು ಕಡಿಮೆ ಬಂಡವಾಳದಲ್ಲಿ, ಎರಡು ಮೂರು ವರ್ಷಗಳಲ್ಲಿ ಕಟ್ಟಬಹುದಿತ್ತು. ವಿದ್ಯುತ್ ಸ್ಥಾವರಗಳಲ್ಲಿ ಅನಿಲ ಸುಡಬಾರದೆಂಬ ಯುರೋಪಿನ ನಿರ್ಬಂಧ 1991ರಲ್ಲಿ ಹೋಯಿತು. 1993ರಲ್ಲಿ ಎನ್ರಾನ್ ಮುಂದಾಳುತನದ ಟೀಸೈಡ್ ಸ್ಥಾವರ 1,875 ಮೆಗಾವ್ಯಾಟ್ ಸಾಮರ್ಥ್ಯದೊಂದಿಗೆ ಶುರುವಾಯಿತು. ಆದರೆ ಈ ಹೊಸಬರು ಮಾರುಕಟ್ಟೆಯನ್ನು ನಂಬಿ ಬಂದವರಲ್ಲ. ಪ್ರಾದೇಶಿಕ ಕಂಪನಿಗಳೊಡನೆ ಸುಮಾರು 15 ವರ್ಷಗಳ ಒಪ್ಪಂದ ಮಾಡಿಕೊಂಡು, ಅದನ್ನು ಬ್ಯಾಂಕಿಗೆ ತೋರಿಸಿ ಸಾಲ ಪಡೆದು ಬಂದವರು. ಎಷ್ಟೋ ಸ್ಥಾವರಗಳಲ್ಲಿ ಆ ಪ್ರಾದೇಶಿಕ ಕಂಪನಿಗಳೇ ಪಾಲುದಾರರು. ಅವು ಅಷ್ಟು ದೀರ್ಘ ಒಪ್ಪಂದಕ್ಕೆ ಧೈರ್ಯ ಮಾಡಿದ್ದು ಏಕೆಂದರೆ 1998ರವರೆಗೆ ಅವುಗಳ ಮನೆ ಗ್ರಾಹಕರು ಬೇರೆಲ್ಲಿಗೂ ಹೋಗುವಂತಿರಲಿಲ್ಲ. ಖರ್ಚನ್ನು ಬಿಲ್ಲಿಗೆ ದಾಟಿಸಬಹುದಿತ್ತು. ಉತ್ಪಾದನೆಯಲ್ಲಿ ಸ್ಪರ್ಧೆ ಹುಟ್ಟಿದ್ದು ಚಿಲ್ಲರೆ ಮಾರಾಟದಲ್ಲಿ ಸ್ಪರ್ಧೆ ಇಲ್ಲದ್ದರ ಬೆನ್ನೇರಿ. ಹೀಗೆ ಬಂದ ಸ್ಥಾವರಗಳೂ ದಿನವಿಡೀ ಓಡುತ್ತ ಸಾಲಿನ ತಳದಲ್ಲೇ ಸೇರಿಕೊಂಡವು. ಹಳಬರ ಮಾರಾಟದ ಪಾಲು ಕರಗಿತು, ಬೆಲೆ ನಿರ್ಧರಿಸುವ ಶಕ್ತಿ ಹಾಗೆಯೇ ಉಳಿಯಿತು. ಹೊಸಬರ ತಲೆ ಎಣಿಸಿ ಸ್ಪರ್ಧೆಯನ್ನು ಅಳೆಯುವವರು ಗಮನಿಸಬೇಕಾದ ಸಂಗತಿ ಇದು.

ನಿಯಂತ್ರಕ ಸ್ಟೀಫನ್ ಲಿಟಲ್‌ಚೈಲ್ಡ್ 1994ರಲ್ಲಿ ಪೂಲಿನ ಬೆಲೆಗೆ ಎರಡು ವರ್ಷಗಳ ಮಿತಿ ಹಾಕಿಸಿದರು. ನ್ಯಾಷನಲ್ ಪವರ್ ಮತ್ತು ಪವರ್‌ಜೆನ್ ಸೇರಿ 6,000 ಮೆಗಾವ್ಯಾಟ್ ಸಾಮರ್ಥ್ಯವನ್ನು ಬಿಟ್ಟುಕೊಡುವಂತೆ ಮಾಡಿದರು. ಅದು 1996ರಲ್ಲಿ ಪ್ರಾದೇಶಿಕ ಕಂಪನಿಗಳಲ್ಲೊಂದಾದ ಈಸ್ಟರ್ನ್‌ಗೆ ಗುತ್ತಿಗೆಯಾಗಿ ಹೋಯಿತು. ಅವು ಸಾಲಿನ ಮೇಲ್ತುದಿಯ ಕಲ್ಲಿದ್ದಲು ಸ್ಥಾವರಗಳು ಎಂಬುದು ಮುಖ್ಯ. 1999ರಲ್ಲಿ ಇನ್ನೊಂದು ಸುತ್ತು: ನ್ಯಾಷನಲ್ ಪವರ್ ಡ್ರ್ಯಾಕ್ಸ್ ಸ್ಥಾವರವನ್ನು ಎಇಎಸ್‌ಗೆ, ಪವರ್‌ಜೆನ್ ಫಿಡ್ಲರ್ಸ್ ಫೆರಿ ಮತ್ತು ಫೆರಿಬ್ರಿಜ್‌ಗಳನ್ನು ಎಡಿಸನ್ ಮಿಷನ್‌ಗೆ ಮಾರಿದವು. ಅದಕ್ಕೆ ಪ್ರತಿಯಾಗಿ ಪ್ರಾದೇಶಿಕ ಕಂಪನಿಗಳ ಮಾರಾಟ ವ್ಯವಹಾರವನ್ನು ಕೊಳ್ಳಲು ಅವಕ್ಕೆ ಅನುಮತಿ ಸಿಕ್ಕಿತು. ಸಗಟು ಬೆಲೆ ಈಗ ನಿಜಕ್ಕೂ ಬಿತ್ತು, ಎಷ್ಟೆಂದರೆ 2002ರಲ್ಲಿ ಅಣುವಿದ್ಯುತ್ ಕಂಪನಿ ಬ್ರಿಟಿಷ್ ಎನರ್ಜಿಯನ್ನು ಸರ್ಕಾರವೇ ಉಳಿಸಬೇಕಾಯಿತು, ಇನ್ನೊಂದು ವಿದ್ಯುತ್ ಕಂಪನಿ ಟಿಎಕ್ಸ್‌ಯು ಯುರೋಪ್ ಮುಳುಗಿತು.

ಈ ನಡುವೆ 2001ರ ಮಾರ್ಚ್ 27ರಂದು ಪೂಲನ್ನು ಮುಚ್ಚಿ, ಕೊಳ್ಳುವವರೂ ಮಾರುವವರೂ ನೇರವಾಗಿ ಒಪ್ಪಂದ ಮಾಡಿಕೊಳ್ಳುವ ನೆಟಾ ವ್ಯವಸ್ಥೆ ಬಂತು. 2005ರಲ್ಲಿ ಅದು ಸ್ಕಾಟ್ಲೆಂಡಿಗೂ ಹರಡಿತು. ಹೇಳಿದ್ದಕ್ಕಿಂತ ಹೆಚ್ಚು ಬಳಸಿದವನು ದುಬಾರಿ ಬೆಲೆ ತೆರಬೇಕು, ಕಡಿಮೆ ಬಳಸಿದವನಿಗೆ ಉಳಿದದ್ದಕ್ಕೆ ಕನಿಷ್ಠ ಬೆಲೆ ಎಂಬುದು ಅದರ ನಿಯಮ. ಹತ್ತಾರು ಸ್ಥಾವರಗಳೂ ಲಕ್ಷಾಂತರ ಗ್ರಾಹಕರೂ ಇರುವ ಕಂಪನಿಗೆ ಒಂದರ ತಪ್ಪು ಇನ್ನೊಂದರಲ್ಲಿ ಸರಿಹೋಗುತ್ತದೆ. ಒಂದೇ ಗಾಳಿಯಂತ್ರದ ತಾಣವಿರುವ ಚಿಕ್ಕವನಿಗೆ ಪ್ರತಿ ತಪ್ಪಿಗೂ ದಂಡ. ದೊಡ್ಡವನಾಗಿರುವುದೇ ಒಂದು ಅನುಕೂಲವಾಯಿತು. ಈ ಎರಡು ಬೆಲೆಗಳ ಪದ್ಧತಿ 2015ರ ನವೆಂಬರಿನಲ್ಲಿ ಒಂದೇ ಬೆಲೆಗೆ ಬದಲಾಯಿತು. ಅಷ್ಟರಲ್ಲಿ ಉತ್ಪಾದನೆಯನ್ನೂ ಮಾರಾಟವನ್ನೂ ಒಟ್ಟಿಗಿಟ್ಟುಕೊಂಡ ಆರು ಕಂಪನಿಗಳು ಇಡೀ ಕ್ಷೇತ್ರವನ್ನು ಹಂಚಿಕೊಂಡಿದ್ದವು: ಬ್ರಿಟಿಷ್ ಗ್ಯಾಸ್, ಇಡಿಎಫ್, ಇ.ಆನ್, ಎನ್‌ಪವರ್, ಸ್ಕಾಟಿಷ್‌ಪವರ್, ಎಸ್ಎಸ್ಇ. ತಾನೇ ಉತ್ಪಾದಿಸಿ ತಾನೇ ಮಾರುವವನಿಗೆ ಸಂತೆಗೆ ಹೋಗುವ ಅಗತ್ಯ ಕಡಿಮೆ. ಮುಂಗಡ ವಹಿವಾಟು ತೆಳುವಾದಾಗ, ಮುಂದಿನ ಚಳಿಗಾಲಕ್ಕೆ ಈಗಲೇ ವಿದ್ಯುತ್ ಕೊಂಡಿಡಬೇಕಾದ ಹೊಸ ಮಾರಾಟಗಾರನಿಗೆ ಸರಕೇ ಸಿಗುವುದಿಲ್ಲ. ದಿನವೂ ಕೊಳ್ಳುವ ದರ, ಮಾರುವ ದರ ಎರಡನ್ನೂ ಹೇಳಲೇಬೇಕೆಂದು ನಿಯಂತ್ರಕ ಸಂಸ್ಥೆ ಆಫ್‌ಜೆಮ್ 2014ರಲ್ಲಿ ದೊಡ್ಡ ಕಂಪನಿಗಳಿಗೆ ವಿಧಿಸಿದ್ದು ಇದಕ್ಕಾಗಿ.

ಚಿಲ್ಲರೆ ಮಾರುಕಟ್ಟೆ ಮೆಟ್ಟಿಲು ಮೆಟ್ಟಿಲಾಗಿ ತೆರೆಯಿತು. ವಿದ್ಯುತ್ತಿನಲ್ಲಿ 1990ರಲ್ಲಿ 1 ಮೆಗಾವ್ಯಾಟ್ ಮೀರಿದ ಗ್ರಾಹಕರಿಗೆ, 1994ರಲ್ಲಿ 100 ಕಿಲೋವ್ಯಾಟ್ ಮೀರಿದವರಿಗೆ, 1998ರ ಸೆಪ್ಟೆಂಬರಿನಿಂದ 1999ರ ಮೇ ತಿಂಗಳೊಳಗೆ ಎಲ್ಲ ಮನೆಗಳಿಗೂ ಆಯ್ಕೆ ಸಿಕ್ಕಿತು. ಅನಿಲದಲ್ಲಿ ಮನೆಗಳ ಸರದಿ 1996ರಲ್ಲಿ ಇಂಗ್ಲೆಂಡಿನ ನೈಋತ್ಯ ಭಾಗದಿಂದ ಶುರುವಾಗಿ 1998ರಲ್ಲಿ ಮುಗಿಯಿತು.

1 ಮೆಗಾವ್ಯಾಟ್, 100 ಕಿಲೋವ್ಯಾಟ್ ಎಂಬ ಎರಡು ಅಂಕಿಗಳು ಭಾರತದಲ್ಲೂ ಪರಿಚಿತ. 2003ರ ವಿದ್ಯುತ್ ಕಾಯ್ದೆ 1 ಮೆಗಾವ್ಯಾಟ್ ಮೀರಿದ ಗ್ರಾಹಕರಿಗೆ ಮುಕ್ತ ಪ್ರವೇಶದ ದಾರಿ ಮಾಡಿತು. 2022ರ ನಿಯಮಗಳು ಹಸಿರು ವಿದ್ಯುತ್ತಿನ ಮಟ್ಟಿಗೆ ಅದನ್ನು 100 ಕಿಲೋವ್ಯಾಟಿಗೆ ಇಳಿಸಿದವು. ಮೆಟ್ಟಿಲು ಒಂದೇ, ಹೊಸ್ತಿಲು ಬೇರೆ. ಇಲ್ಲಿ ಕಾರ್ಖಾನೆಗಳ ದುಬಾರಿ ದರವೇ ಪಂಪ್‌ಸೆಟ್ಟು ಮತ್ತು ಬಡವರ ಮನೆಗಳ ಅಗ್ಗದ ದರವನ್ನು ಒಂದಿಷ್ಟು ಹೊರುವುದರಿಂದ, ಬಿಟ್ಟುಹೋಗುವ ದೊಡ್ಡ ಗ್ರಾಹಕ ಅಡ್ಡ ಸಹಾಯಧನದ ಮೇಲ್ತೆರಿಗೆ ಕಟ್ಟಬೇಕು. ಆ ಹೊರೆ ಎಷ್ಟು ದೊಡ್ಡದೆಂಬುದಕ್ಕೆ ಕರ್ನಾಟಕದಲ್ಲೇ ಪುರಾವೆಯಿದೆ. 2018ರ ಮಾರ್ಚ್ 31ರೊಳಗೆ ಚಾಲನೆಗೊಂಡ ಸೌರ ಘಟಕಗಳಿಗೆ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 10 ವರ್ಷ ಸಾಗಣೆ ಶುಲ್ಕ ಮತ್ತು ಮೇಲ್ತೆರಿಗೆಯ ವಿನಾಯಿತಿ ಕೊಟ್ಟಾಗ ಹೂಡಿಕೆದಾರರು ಆ ಗಡುವಿಗೆ ಮುಗಿಬಿದ್ದರು. 2023ರ ಅಕ್ಟೋಬರಿನಲ್ಲಿ ಬರದಿಂದ ವಿದ್ಯುತ್ ಕೊರತೆಯಾದಾಗ, ಕಾಯ್ದೆಯ 11ನೇ ಸೆಕ್ಷನ್ ಬಳಸಿ ರಾಜ್ಯದ ಉತ್ಪಾದಕರೆಲ್ಲ ರಾಜ್ಯಕ್ಕೇ ವಿದ್ಯುತ್ ಕೊಡಬೇಕೆಂದು ಸರ್ಕಾರ ಆದೇಶಿಸಿತು. ಕೊರತೆಯ ಕಾಲದಲ್ಲಿ ಸರ್ಕಾರಕ್ಕೆ ಬೇರೆ ದಾರಿ ಇಲ್ಲದಿರಬಹುದು. ಒಳ್ಳೆಯ ಬೆಲೆ ಸಿಗುವ ದಿನವೇ ಮಾರುವ ಸ್ವಾತಂತ್ರ್ಯ ಇರುವುದಿಲ್ಲ ಎಂಬುದನ್ನೂ ಹೂಡಿಕೆದಾರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ.

ಬ್ರಿಟನ್ನಿನಲ್ಲಿ ಎಲ್ಲ ಮನೆಗಳಿಗೂ ಆಯ್ಕೆ ಸಿಕ್ಕ ಮೇಲೆ ತಡೆ ಮನೆಯೊಳಗೇ ಹೋಗಿ ಕುಳಿತಿತು. ಯಾರಿಂದ ಕೊಂಡರೂ ಸ್ವಿಚ್ಚು ಹಾಕಿದರೆ ಬರುವ ಬೆಳಕು ಅದೇ. ಬಿಲ್ಲು ಓದಿ ಅರ್ಥ ಮಾಡಿಕೊಳ್ಳುವುದು ಕಷ್ಟ, ಕಂಪನಿ ಬದಲಿಸಿದರೆ ಏನಾದರೂ ತೊಂದರೆಯಾದೀತೆಂಬ ಅಳುಕು ಬೇರೆ. ಹಳೆಯ ಏಕಸ್ವಾಮ್ಯದಿಂದ ಬಳುವಳಿಯಾಗಿ ಬಂದ ಗ್ರಾಹಕರನ್ನು ಉಳಿಸಿಕೊಳ್ಳಲು ಹಳಬರು ಏನೂ ಮಾಡಬೇಕಿರಲಿಲ್ಲ. ಹೊಸಬ ಮಾತ್ರ ಒಬ್ಬೊಬ್ಬ ಗ್ರಾಹಕನನ್ನೂ ಹಣ ಸುರಿದು ಗೆಲ್ಲಬೇಕಿತ್ತು. ಸ್ಟಿಗ್ಲರ್ ಹೇಳಿದ ಕಿರಿದಾದ ಅರ್ಥದ ತಡೆಯೇ ಇದು. 2014ರಿಂದ 2016ರವರೆಗೆ ತನಿಖೆ ನಡೆಸಿದ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರ, ಆರು ದೊಡ್ಡ ಕಂಪನಿಗಳ ಮನೆ ಗ್ರಾಹಕರಲ್ಲಿ ನೂರಕ್ಕೆ ಸುಮಾರು 70 ಮಂದಿ ಏನನ್ನೂ ಆರಿಸದವರಿಗೆ ತಾನಾಗಿ ಅನ್ವಯವಾಗುವ ದುಬಾರಿ ದರದಲ್ಲೇ ಇದ್ದಾರೆಂದು ಕಂಡಿತು. ಬದಲಿಸಿದ್ದರೆ ಅವರು ವರ್ಷಕ್ಕೆ 300 ಪೌಂಡಿಗೂ ಹೆಚ್ಚು ಉಳಿಸಬಹುದಿತ್ತು. 2012ರಿಂದ 2015ರವರೆಗೆ ಗ್ರಾಹಕರು ಹೆಚ್ಚುವರಿಯಾಗಿ ತೆತ್ತದ್ದು ವರ್ಷಕ್ಕೆ ಸರಾಸರಿ 140 ಕೋಟಿ ಪೌಂಡ್ ಎಂದು ಅದು ಅಂದಾಜು ಮಾಡಿತು. ಮುಂಗಡ ಹಣ ತುಂಬಿ ಬಳಸುವ ಮೀಟರುಗಳ ಮನೆಗಳಲ್ಲಿ, ಅಂದರೆ ಹೆಚ್ಚಾಗಿ ಬಡವರ ಮನೆಗಳಲ್ಲಿ, ಇನ್ನೊಂದು ತೊಡಕಿತ್ತು. ಹಳೆಯ ಅನಿಲ ಮೀಟರುಗಳ ವ್ಯವಸ್ಥೆಯಲ್ಲಿ ದರಗಳಿಗೆ ಮೀಸಲಾದ ಸಂಕೇತಗಳ ಸಂಖ್ಯೆಯೇ ಸೀಮಿತ, ಅವುಗಳಲ್ಲಿ ಹೆಚ್ಚಿನವು ದೊಡ್ಡ ಕಂಪನಿಗಳ ವಶದಲ್ಲಿದ್ದವು. ಕಡಿಮೆ ದರ ಕೊಡಲು ಹೊಸಬನಿಗೆ ಮನಸ್ಸಿದ್ದರೂ ಮೀಟರಿನಲ್ಲಿ ಜಾಗವಿರಲಿಲ್ಲ.

ಒಳ್ಳೆಯ ಉದ್ದೇಶದ ನಿಯಮಗಳೂ ತಡೆಯಾದವು. ತನ್ನ ಹಳೆಯ ಪ್ರದೇಶದ ಗ್ರಾಹಕರಿಗೆ ಹೆಚ್ಚು ದರ, ಹೊರಗಿನವರಿಗೆ ಕಡಿಮೆ ದರ ಇಡಬಾರದೆಂದು 2009ರಲ್ಲಿ ಆಫ್‌ಜೆಮ್ ವಿಧಿಸಿತು. ನ್ಯಾಯವಾದ ಮಾತು, ಫಲ ಮಾತ್ರ ಬೇರೆ. ಹೊರಗಿನ ಗ್ರಾಹಕರಿಗೆ ಕೊಡುತ್ತಿದ್ದ ಅಗ್ಗದ ದರ ನಿಂತಿತು, ಒಬ್ಬರ ಪ್ರದೇಶಕ್ಕೆ ಇನ್ನೊಬ್ಬರು ನುಗ್ಗುವುದು ತಗ್ಗಿತು. ಗೊಂದಲ ಕಡಿಮೆಯಾಗಲೆಂದು ಪ್ರತಿ ಕಂಪನಿಗೆ ನಾಲ್ಕೇ ದರಗಳೆಂದು ಮುಂದೆ ಬಂದ ನಿಯಮವನ್ನೂ ಪ್ರಾಧಿಕಾರದ ಮಾತಿನಂತೆ ಕೈಬಿಡಬೇಕಾಯಿತು.

ಇನ್ನೊಂದು ಕಡೆ ಹೊಸ್ತಿಲನ್ನು ತೀರ ತಗ್ಗಿಸಲಾಯಿತು. 2,50,000ಕ್ಕಿಂತ ಕಡಿಮೆ ಗ್ರಾಹಕರಿರುವ ಮಾರಾಟಗಾರರಿಗೆ ಬಡ ಮನೆಗಳ ರಿಯಾಯಿತಿ, ಮನೆಗಳ ಶಾಖ ಉಳಿತಾಯದಂಥ ಬಾಧ್ಯತೆಗಳಿಂದ ವಿನಾಯಿತಿ ಸಿಕ್ಕಿತು. ಲೈಸೆನ್ಸಿಗೆ ಬಂಡವಾಳದ ಗಟ್ಟಿ ಪರೀಕ್ಷೆಯೇ ಇರಲಿಲ್ಲ. ಗ್ರಾಹಕರು ಬೇಸಿಗೆಯಲ್ಲಿ ಮುಂಗಡವಾಗಿ ಕಟ್ಟಿದ ಹಣವೇ ಎಷ್ಟೋ ಕಂಪನಿಗಳಿಗೆ ದುಡಿಯುವ ಬಂಡವಾಳ. 2018ರ ಹೊತ್ತಿಗೆ ಮಾರಾಟಗಾರರು 70ರ ಆಸುಪಾಸು ಮುಟ್ಟಿದ್ದರು. 2019ರಲ್ಲಿ ಹೊಸ ಲೈಸೆನ್ಸಿನ ಪರೀಕ್ಷೆ ಬಿಗಿಯಾಯಿತು, ಆದರೆ ಒಳಗಿದ್ದವರು ಒಳಗೇ ಇದ್ದರು. ಅದೇ ವರ್ಷದ ಜನವರಿ 1ರಿಂದ, 2018ರ ಕಾಯ್ದೆಯಂತೆ, ಆಯ್ಕೆ ಮಾಡದ ಗ್ರಾಹಕರ ದರಕ್ಕೆ ಆಫ್‌ಜೆಮ್ ನಿಗದಿಪಡಿಸುವ ಮಿತಿಯೂ ಬಂತು. 2021ರ ಶರತ್ಕಾಲದಲ್ಲಿ ಅನಿಲದ ಸಗಟು ಬೆಲೆ ನೆಗೆದಾಗ, ಮುಂಗಡವಾಗಿ ಕೊಂಡಿಡದ ಮಾರಾಟಗಾರರು ಏರಿದ ಬೆಲೆಗೆ ಕೊಂಡು ಮಿತಿಯೊಳಗಿನ ದರಕ್ಕೆ ಮಾರಬೇಕಾಯಿತು. ಕೆಲವೇ ತಿಂಗಳಲ್ಲಿ ಸುಮಾರು 30 ಕಂಪನಿಗಳು ಬಾಗಿಲು ಹಾಕಿದವು. 15 ಲಕ್ಷಕ್ಕೂ ಹೆಚ್ಚು ಗ್ರಾಹಕರಿದ್ದ ಬಲ್ಬ್ ಕಂಪನಿಯನ್ನು ನವೆಂಬರಿನಲ್ಲಿ ಸರ್ಕಾರದ ಹಣದಿಂದ ನಡೆಯುವ ವಿಶೇಷ ಆಡಳಿತಕ್ಕೆ ಒಪ್ಪಿಸಲಾಯಿತು. ಮುಳುಗಿದವರ ಗ್ರಾಹಕರನ್ನು ಬೇರೆ ಕಂಪನಿಗಳಿಗೆ ವರ್ಗಾಯಿಸಿದ ಖರ್ಚು, ಅವರು ಮುಂಗಡ ಕಟ್ಟಿದ್ದ ಹಣದ ಹೊರೆ ಎಲ್ಲವೂ ದೇಶದ ಪ್ರತಿ ಮನೆಯ ಬಿಲ್ಲಿಗೆ ಸೇರಿದವು. ಕಂಪನಿ ಬದಲಿಸದೆ ಹತ್ತಾರು ವರ್ಷ ಒಂದೇ ಕಡೆ ಇದ್ದವರೂ ಅದನ್ನು ಕಟ್ಟಿದರು.

ಉಳಿದವರ ಸಾಲು ಬೇರೆಯಾಗಿದೆ. ಎನ್‌ಪವರ್ 2019ರಲ್ಲಿ ಇ.ಆನ್ ಕೈಗೆ ಹೋಯಿತು. ಎಸ್ಎಸ್ಇ ತನ್ನ ಮನೆ ಮಾರಾಟವನ್ನು 2020ರಲ್ಲಿ ಓವೋಗೆ ಮಾರಿತು. 2016ರಲ್ಲಿ ಶುರುವಾದ ಆಕ್ಟೋಪಸ್ 2022ರಲ್ಲಿ ಬಲ್ಬ್‌ನ ಗ್ರಾಹಕರನ್ನು ಪಡೆದು, 2025ರ ಆರಂಭದಲ್ಲಿ ಬ್ರಿಟಿಷ್ ಗ್ಯಾಸನ್ನು ದಾಟಿ ದೇಶದ ಅತಿ ದೊಡ್ಡ ಮನೆ ಮಾರಾಟಗಾರನಾಯಿತು. ಹೊಸಬರಿಗೆ ಈಗ ಹೊಸ್ತಿಲನ್ನು ಹಣದಲ್ಲಿ ಅಳೆಯಲಾಗುತ್ತದೆ. 2025ರ ಮಾರ್ಚಿನ ಕೊನೆಗೆ ಜಾರಿಗೆ ಬಂದ ಆಫ್‌ಜೆಮ್ ನಿಯಮದಂತೆ, ವಿದ್ಯುತ್ತೂ ಅನಿಲವೂ ಕೊಳ್ಳುವ ಪ್ರತಿ ಮನೆಯ ಲೆಕ್ಕಕ್ಕೆ 115 ಪೌಂಡ್ ಬಂಡವಾಳವನ್ನು ಮಾರಾಟಗಾರ ಗುರಿಯಾಗಿ ಇಟ್ಟುಕೊಳ್ಳಬೇಕು. ಒಂದು ಲಕ್ಷ ಮನೆಗಳಿಗೆ ಮಾರಲು ಹೊರಟವನಿಗೆ ಅದು 1.15 ಕೋಟಿ ಪೌಂಡ್.